ಕಣ್ಣು ಮಿಟುಕಿಸಿ, ಬದುಕಿದ್ದೀರೆಂದು ತೋರಿಸಿ

ಪಿಂಚಣಿದಾರರಿಗೆ ನವೆಂಬರ್ ಅಂದರೆ ಬದುಕಿದ್ದೇವೆಂದು ರುಜುವಾತು ಮಾಡುವ ತಿಂಗಳು. ಹಿಂದೆ ಬ್ಯಾಂಕಿಗೆ ಹೋಗಿ ಸಹಿ ಹಾಕಿ ಬಂದರೆ ಮುಗಿಯುತ್ತಿತ್ತು. 2014ರಲ್ಲಿ ‘ಜೀವನ್ ಪ್ರಮಾಣ್’ ಎಂಬ ಡಿಜಿಟಲ್ ವ್ಯವಸ್ಥೆ ಬಂದಮೇಲೆ ಬೆರಳಚ್ಚು ಶುರುವಾಯಿತು. ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತಿ, ಮನೆಯಲ್ಲಿ ಪಾತ್ರೆ ತಿಕ್ಕಿ ಸವೆದ ನನ್ನ ಹೆಬ್ಬೆರಳನ್ನು ಆ ಯಂತ್ರ ಒಪ್ಪುತ್ತಿರಲಿಲ್ಲ. ಒರೆಸಿ ಒತ್ತಿ, ಇನ್ನೊಂದು ಬೆರಳು ಕೊಡಿ ಅನ್ನುವಷ್ಟರಲ್ಲಿ ಹಿಂದೆ ನಿಂತವರ ಗೊಣಗಾಟ. 2021ರಲ್ಲಿ ಮುಖ ನೋಡಿಯೇ ಗುರುತಿಸುವ ವ್ಯವಸ್ಥೆ ಬಂತು. ಈಗ ಮಗಳ ಮೊಬೈಲಿನ ಮುಂದೆ ಕೂತು, ಅದು ಹೇಳಿದಾಗ ಕಣ್ಣು ಮಿಟುಕಿಸುತ್ತೇನೆ. ಬರೀ ಫೋಟೊ ತೋರಿಸಿ ಯಾರೂ ಮೋಸ ಮಾಡದಿರಲಿ ಎಂದು ಆ ಮಿಟುಕು. ಎಐ ಬಗ್ಗೆ ನನಗೆ ಮೊದಲು ಪ್ರೀತಿ ಹುಟ್ಟಿದ್ದೇ ಅಲ್ಲಿ.

ಆಮೇಲೆ ಚಾಟ್‌ಜಿಪಿಟಿಯ ಅಭ್ಯಾಸವಾಯಿತು. ಮಾತ್ರೆ ಪಟ್ಟಿಯ ಮೇಲಿನ ಇರುವೆಯಂಥ ಅಕ್ಷರಗಳ ಫೋಟೊ ತೆಗೆದು, ಕನ್ನಡದಲ್ಲೇ ಬಾಯಿಬಿಟ್ಟು ಕೇಳುತ್ತೇನೆ. ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಂ ಮಾತ್ರೆಗೂ ನಾಲ್ಕು ಗಂಟೆ ಅಂತರವಿರಬೇಕು ಎಂದಿತು. ನಾನೋ ಎರಡನ್ನೂ ಬೆಳಗಿನ ಒಂದೇ ಗುಟುಕಿಗೆ ನುಂಗುತ್ತಿದ್ದವಳು! ಡಾಕ್ಟರನ್ನು ಕೇಳಿದೆ, ಹೌದೆಂದರು. ಅದು ಹೇಳಿದ್ದನ್ನೆಲ್ಲ ನಂಬುತ್ತೇನೆ ಅಂತಲ್ಲ. ಗೊತ್ತಿಲ್ಲದ್ದನ್ನೂ ಅಷ್ಟೇ ಗತ್ತಿನಿಂದ ಹೇಳುತ್ತದೆ. ನಮ್ಮೂರ ದೇವಸ್ಥಾನದ ಬಗ್ಗೆ ಕೇಳಿದರೆ ಇಲ್ಲದ ರಾಜನನ್ನು ತಂದು ಕೂರಿಸಿತು. ಹಾಗಾಗಿ ಡಾಕ್ಟರಿಗೆ ಕೇಳಬೇಕಾದ ಪ್ರಶ್ನೆ ಹೊಂದಿಸಿಕೊಳ್ಳಲು ಅದು ಬೇಕು, ಮಾತ್ರೆ ಬದಲಿಸಲು ಬೇಡ.

ಪಾರ್ಕಿನ ಬೆಂಚಿನಲ್ಲಿ ಮಾತ್ರ ಬೇರೆಯದೇ ಭಯ. ಮೊಮ್ಮಗನ ದನಿಯಲ್ಲೇ ಫೋನ್ ಬಂದು ‘ಅಜ್ಜೀ, ಆಕ್ಸಿಡೆಂಟ್ ಆಗಿದೆ, ದುಡ್ಡು ಕಳಿಸು’ ಅಂದರೆ ಏನು ಗತಿ? ಕೆಲವೇ ಸೆಕೆಂಡಿನ ರೆಕಾರ್ಡಿಂಗ್ ಸಿಕ್ಕರೂ ದನಿಯ ನಕಲು ಮಾಡಬಹುದಂತೆ. ಪೊಲೀಸರೆಂದು ಫೋನಿನಲ್ಲೇ ಹೆದರಿಸುವವರು ಹೇಳುವ ‘ಡಿಜಿಟಲ್ ಅರೆಸ್ಟ್’ ಎಂಬುದು ನಮ್ಮ ಕಾನೂನಿನಲ್ಲೇ ಇಲ್ಲ ಎಂದು ಎಲ್ಲರಿಗೂ ಹೇಳುತ್ತಿರುತ್ತೇನೆ. ನಮ್ಮ ಮನೆಯಲ್ಲೊಂದು ಗುಟ್ಟಿನ ಪ್ರಶ್ನೆ ಇದೆ. ಅದಕ್ಕೆ ಉತ್ತರ ಬಾರದಿದ್ದರೆ ಫೋನ್ ಇಟ್ಟು, ಮೊಮ್ಮಗನ ಮಾಮೂಲಿ ನಂಬರಿಗೆ ನಾನೇ ಮಾಡುತ್ತೇನೆ. ಸೈಬರ್ ದೂರಿನ 1930 ಕ್ಯಾಲೆಂಡರಿನ ಮೇಲೆ ದಪ್ಪಗೆ ಬರೆದಿದೆ. ದುಡ್ಡು ಹೋದರೆ ತಕ್ಷಣ ಮಾಡಬೇಕು. ನಾಚಿಕೆಯಿಂದ ಬೆಳಗಿನತನಕ ಸುಮ್ಮನಿದ್ದರೆ ಅದು ಹತ್ತು ಖಾತೆ ದಾಟಿರುತ್ತದೆ.

ನನ್ನ ನಿಜವಾದ ಚಿಂತೆ ಇದಕ್ಕಿಂತ ಸಪ್ಪೆಯದು. ಕೌಂಟರಿನ ಆಚೆ ಬದಿಯಲ್ಲಿ ಕೂತಿದ್ದವಳು ನಾನು. ಮನಿಯಾರ್ಡರ್ ಬಿಡಿಸಿಕೊಳ್ಳಲು ಬಂದ ಮುದುಕಿಗೆ ಸಹಿ ಬಾರದಿದ್ದರೆ ಹೆಬ್ಬೆಟ್ಟು ಒತ್ತಿಸಿ, ಪಕ್ಕದವರನ್ನು ಸಾಕ್ಷಿಗೆ ಕರೆಯುತ್ತಿದ್ದೆವು. ಈಗ ಬ್ಯಾಂಕಿಗೆ ಫೋನ್ ಮಾಡಿದರೆ ನಯವಾದ ಹೆಣ್ಣುದನಿಯೊಂದು ಒಂದು ಒತ್ತಿ, ಎರಡು ಒತ್ತಿ ಅನ್ನುತ್ತದೆ. ನನ್ನ ತಕರಾರು ಆ ಒಂದರಲ್ಲೂ ಇಲ್ಲ, ಎರಡರಲ್ಲೂ ಇಲ್ಲ. ಮುಖ ಹೊಂದಲಿಲ್ಲ ಎಂದು ಯಂತ್ರ ಹೇಳಿದ ದಿನ ‘ಅಯ್ಯೋ, ಇವರು ನಮಗೆ ಗೊತ್ತು’ ಎನ್ನಲು ಯಾರಿರಬೇಕು? ಪಿಂಚಣಿದಾರರ ಸಭೆಯಲ್ಲಿ ಕೇಳಿದ್ದು ಇಷ್ಟೇ: ಆಪ್ ಎಷ್ಟಾದರೂ ತನ್ನಿ, ಪ್ರತಿ ಕಚೇರಿಯಲ್ಲೂ ಸಹಿ ಹಾಕುವ ಅಧಿಕಾರವಿರುವ ಒಬ್ಬ ಮನುಷ್ಯನನ್ನು ಕುರ್ಚಿಯಲ್ಲಿ ಉಳಿಸಿ. ಮನವಿ ಟೈಪ್ ಮಾಡಿಕೊಟ್ಟಿದ್ದು ಮಾತ್ರ ಚಾಟ್‌ಜಿಪಿಟಿಯೇ.