ಆಭರಣಕ್ಕೊದಗುವ ಶಂಖ, ಕವಡೆಗಳು

ಕಡಲಿನಿಂದ ಬಂದ ಸುರುಳಿಯಾಕಾರದ ಚಿಪ್ಪುಗಳನ್ನೆಲ್ಲ ಶಂಖವೆಂದು ಕರೆಯುವುದು ಲೋಕರೂಢಿ. ಆದರೆ ಭಾರತದ ದೇವಾಲಯಗಳಲ್ಲಿ ಪೂಜೆಗೊಳ್ಳುವ, ಬಳೆಗಾಗಿ ಕೊಯ್ಯಲ್ಪಡುವ ಶಂಖವು ಒಂದೇ ಜಾತಿಯದು. ಪ್ರಾಣಿಶಾಸ್ತ್ರದಲ್ಲಿ ಅದರ ಹೆಸರು ಟರ್ಬಿನೆಲ್ಲ ಪೈರಮ್. ಮನ್ನಾರ್ ಕೊಲ್ಲಿ, ಕಚ್ಛದ ಕೊಲ್ಲಿ ಮೊದಲಾದೆಡೆಗಳಲ್ಲಿ ಸಮುದ್ರತಳದ ಮರಳಿನಲ್ಲಿ ಅದರ ವಾಸ. ಮೇಲಣ ಕಂದು ಸಿಪ್ಪೆಯನ್ನು ತೆಗೆದರೆ ಹಾಲುಬಿಳುಪಿನ ದಪ್ಪ ಗೋಡೆ ಕಾಣಿಸುತ್ತದೆ. ಒಳಗಿನ ನಡುಗಂಬದ ಮೇಲೆ ಮೂರು ನಾಲ್ಕು ಏಣುಗಳು ಎದ್ದಿರುತ್ತವೆ. ಈ ಏಣುಗಳ ಮಾತು ಮುಂದೆ ಬೇಕಾಗುತ್ತದೆ.

ಗೋಡೆಯ ದಪ್ಪವೇ ಈ ಚಿಪ್ಪನ್ನು ಆಭರಣಕ್ಕೆ ಅರ್ಹವಾಗಿಸಿದ ಗುಣ. ಗುಜರಾತಿನ ನಾಗೇಶ್ವರದ ಉತ್ಖನನದಲ್ಲಿ ಹರಪ್ಪಾ ಕಾಲದವರು ಶಂಖವನ್ನು ಕೊಯ್ದು ಬಳೆ ಮಾಡುತ್ತಿದ್ದ ಕಾರ್ಯಸ್ಥಾನವೇ ದೊರೆತಿದೆ. ಢಾಕಾದ ಶಾಂಖಾರಿ ಬಜಾರ್, ಬಂಗಾಳದ ವಿಷ್ಣುಪುರಗಳು ಈ ಕಸುಬಿಗೆ ಹೆಸರಾದ ಸ್ಥಳಗಳು. ಕುಶಲಿಗಳು ಮೊದಲು ಶಂಖದ ತುದಿಯನ್ನು ಸುತ್ತಿಗೆಯಿಂದ ಮುರಿದು, ಒಳಗಿನ ಅಡ್ಡಗೋಡೆಗಳನ್ನು ಒಡೆದು, ಅರ್ಧಚಂದ್ರಾಕೃತಿಯ ದೊಡ್ಡ ಗರಗಸದಿಂದ ಅಡ್ಡಲಾಗಿ ಉಂಗುರಗಳನ್ನು ಕೊಯ್ಯುತ್ತಿದ್ದರು. ಅನಂತರದಲ್ಲಿ ವಿದ್ಯುತ್ ಗರಗಸ ಬಂದಿತು. ಒಂದು ಶಂಖದಿಂದ ದೊರೆಯುವ ಅಗಲವಾದ ಬಳೆಗಳು ಕೆಲವೇ. ಅವನ್ನು ಒಳಗೂ ಹೊರಗೂ ಉಜ್ಜಿ, ಚಿತ್ತಾರ ಕೆತ್ತಿ ನಯಗೊಳಿಸುತ್ತಾರೆ. ಬಂಗಾಳದ ಹಿಂದೂ ಸುಮಂಗಲೆಯರ ಕೈಯಲ್ಲಿ ಕೆಂಪು ಪೋಲಾದೊಡನೆ ಈ ಬಿಳಿಯ ಬಳೆ ಮುತ್ತೈದೆತನದ ಚಿಹ್ನೆಯಾಗಿ ಶೋಭಿಸುತ್ತದೆ.

ಕವಡೆಗೆ ಇಷ್ಟು ಶ್ರಮ ಬೇಡ. ಜೀವಂತವಿರುವಾಗ ಆ ಪ್ರಾಣಿಯು ತನ್ನ ಮೈಮಾಂಸದ ಮಡಿಕೆಯಿಂದ ಚಿಪ್ಪನ್ನು ಹೊದೆದುಕೊಂಡಿರುವುದರಿಂದ ಅದರ ಹೊಳಪು ಹುಟ್ಟುಗುಣ. ಹಿಂದೆ ಮಾಲ್ದೀವಿನಿಂದ ಹಡಗುಗಳಲ್ಲಿ ಬಂದು ನಾಣ್ಯವಾಗಿ ಚಲಾವಣೆಯಲ್ಲಿದ್ದ ಇದು, ನಮ್ಮಲ್ಲಿ ಲಂಬಾಣಿ ಸ್ತ್ರೀಯರ ಕಸೂತಿಯನ್ನೂ ಸವದತ್ತಿ ಎಲ್ಲಮ್ಮನ ಜೋಗತಿಯರ ಕೊರಳನ್ನೂ ಅಲಂಕರಿಸಿದೆ. ಚೌಕಾಬಾರದ ಮಣೆಯನ್ನಂತೂ ಹೇಳಬೇಕಾಗಿಯೇ ಇಲ್ಲ. ಬಟ್ಟೆಗೆ ಹೊಲಿಯುವಾಗ ಅದರ ಉಬ್ಬುಬೆನ್ನನ್ನು ತೆಗೆದರೆ ಚಪ್ಪಟೆಯಾಗಿ ಕೂರುತ್ತದೆ. ಮನೆಯ ಅಲಂಕಾರಕ್ಕಾಗಿ ಜನ ಬಯಸುವ ನಾಟಿಲಸ್ ಚಿಪ್ಪಿನ ಮಾತು ಬೇರೆ: 2001ರಲ್ಲಿ ಅದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಿತ ಪಟ್ಟಿಗೆ ಸೇರಿಸಲಾಯಿತು.

ಜಾತಿಯನ್ನರಿಯದೆ ಕೊಳ್ಳುವವರು ಹೆಚ್ಚಾಗಿ ವಂಚಿತರಾಗುವುದು, ಬೆಳ್ಳಿಬಂಗಾರದ ಕಟ್ಟು ಹಾಕಿಸಿ ಪೂಜೆಗಿಡುವ ಬಲಮುರಿ ಶಂಖದ ವಿಷಯದಲ್ಲಿ. ಇಲ್ಲಿ ಶಬ್ದಾರ್ಥದಲ್ಲೇ ತೊಡಕಿದೆ. ಸುರುಳಿಯ ತುದಿಯನ್ನು ಮೇಲೆ ಮಾಡಿ, ಬಾಯನ್ನು ನೋಡುವವರತ್ತ ತಿರುಗಿಸಿದರೆ ಸಾಮಾನ್ಯ ಶಂಖದ ಬಾಯಿ ಬಲಕ್ಕೆ ಬೀಳುತ್ತದೆ. ವಿಜ್ಞಾನಿಗಳಿಗೆ ಅದು ಬಲಸುರುಳಿ. ನಮ್ಮ ಸಂಪ್ರದಾಯದಲ್ಲಾದರೋ ತೀರ್ಥ ಸುರಿಯುವ ಮೂತಿಯನ್ನು ಮೇಲೆ ಮಾಡಿ ನೋಡುವುದರಿಂದ ಅದೇ ಬಾಯಿ ಎಡಕ್ಕೆ ಬರುತ್ತದೆ, ಅದು ಎಡಮುರಿ. ವಿಜ್ಞಾನಿಗಳ ಎಡಸುರುಳಿಯೇ ನಮ್ಮ ಬಲಮುರಿ, ಸಂಸ್ಕೃತದ ದಕ್ಷಿಣಾವರ್ತ. ಎರಡು ಮಾತುಗಳೂ ಸರಿಯೇ. ಹಿಡಿಯುವ ಕ್ರಮ ಮಾತ್ರ ಬೇರೆ.

ನಿಜವಾದ ಶಂಖಜಾತಿಯಲ್ಲಿ ಬಲಮುರಿ ಅತ್ಯಂತ ವಿರಳ. ಆದ್ದರಿಂದಲೇ ಅದರ ಬೆಲೆ. ಆದರೆ ಅಮೆರಿಕದ ಫ್ಲಾರಿಡಾ ಮೊದಲಾದ ತೀರಗಳಲ್ಲಿ ಬುಸೈಕಾನ್ ಬಳಗದ ಬೇರೊಂದು ಚಿಪ್ಪು ಸಹಜವಾಗಿಯೇ ಹಾಗೆ ಸುತ್ತಿಕೊಂಡು ಬೆಳೆಯುತ್ತದೆ. ಅಲ್ಲಿ ಅದು ಸರ್ವಸಾಮಾನ್ಯವಾದ ವಸ್ತು. ಅದನ್ನೇ ದಕ್ಷಿಣಾವರ್ತವೆಂದು ಹೇಳಿ ಭಕ್ತರಿಗೆ ಮಾರುವುದುಂಟು. ದಿಕ್ಕನ್ನಷ್ಟೇ ನೋಡುವವರಿಗೆ ಈ ಭೇದ ತಿಳಿಯದು. ಬಾಯೊಳಗೆ ಬೆರಳಾಡಿಸಿ ನಡುಗಂಬವನ್ನು ಮುಟ್ಟಿನೋಡಬೇಕು: ನಿಜವಾದ ಶಂಖದಲ್ಲಿ ಮೂರು ನಾಲ್ಕು ಏಣುಗಳು ಬೆರಳಿಗೆ ತಗಲುತ್ತವೆ; ಅಮೆರಿಕದ ಚಿಪ್ಪಿನ ಕಂಬ ನುಣುಪಾಗಿರುತ್ತದೆ.