ಹಳೆಯ ಓದುಫಲಕಕ್ಕೆ ಹೊಸ ಉದ್ಯೋಗ

ಕಸಾರಾದಿಂದ ಇಗತಪುರಿಯವರೆಗೆ ಘಾಟಿಯನ್ನೇರುವ ರೈಲುಗಾಡಿಗಳಿಗೆ ಹಿಂದಿನಿಂದ ತಳ್ಳುವ ಎಂಜಿನುಗಳನ್ನು ಜೋಡಿಸುತ್ತಾರೆ. ರೈಲ್ವೆಯವರು ಅವುಗಳನ್ನು ‘ಬ್ಯಾಂಕರ್’ ಎನ್ನುತ್ತಾರೆಂದು ತಿಳಿದಾಗ, ಮುಂಬಯಿಯಿಂದ ಇಲ್ಲಿನ ಶಾಖೆಗೆ ವರ್ಗವಾಗಿ ಬಂದ ನನಗೆ ನಗು ಬಂದಿತು. ಆದರೆ ಇಲ್ಲಿಯ ಮಳೆಗಾಲ ನಗುವಂಥದಲ್ಲ. ದೀಪವಾರಿದ ಒಂದು ಜುಲೈ ರಾತ್ರಿ ನಮ್ಮ ತಾಯಿಯವರು ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಮರೆತು ಎರಡು ಬಾರಿ ನುಂಗಿದರು. ಬೆಳಗಿನ ಜಾವ ಬೆವರು, ನಡುಕ. ರಕ್ತದ ಸಕ್ಕರೆ 52. (70ಕ್ಕಿಂತ ಕೆಳಗಿಳಿದರೆ ಅಪಾಯವೆಂದು ತಿಳಿಯಬೇಕು.) ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷಗಳ ನಂತರ ಮತ್ತೆ ಪರೀಕ್ಷಿಸಿ, ಉಣಿಸಿ, ವೈದ್ಯರಲ್ಲಿಗೆ ಒಯ್ದೆವು. ಕೆಲವು ಮಾತ್ರೆಗಳ ಪ್ರಭಾವ ದೀರ್ಘವಾದುದರಿಂದ ಸಕ್ಕರೆ ಪುನಃ ಇಳಿಯಬಹುದು. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು, 108ಕ್ಕೆ ಕರೆಮಾಡಬೇಕು.

ಆಗ ನೆನಪಾದುದು ಕಪಾಟಿನಲ್ಲಿ ಬಿದ್ದಿದ್ದ ಹಳೆಯ ಕಿಂಡಲ್. ಅದರ ಪರದೆಯಲ್ಲಿ ಸೂಕ್ಷ್ಮ ಗುಳಿಗೆಗಳೊಳಗೆ ಕಪ್ಪು ಬಿಳುಪು ಕಣಗಳಿದ್ದು, ವಿದ್ಯುತ್ತಿನ ಸೆಳೆತಕ್ಕೆ ಮೇಲೆ ಕೆಳಗೆ ಸರಿಯುತ್ತವೆ. ಚಿತ್ರ ಬದಲಾಗುವಾಗಷ್ಟೇ ವಿದ್ಯುತ್ತು ಬೇಕು. ಮೂಡಿದ ಚಿತ್ರ ಹಾಗೆಯೇ ನಿಲ್ಲುತ್ತದೆ. 2016ರಲ್ಲಿ ಕಿಂಡಲ್ ಪುಸ್ತಕಗಳು ಐದು ಭಾರತೀಯ ಭಾಷೆಗಳಲ್ಲಿ ಬಂದಾಗ ಕನ್ನಡ ಅವುಗಳಲ್ಲಿರಲಿಲ್ಲ. ಚಿಂತೆಯಿಲ್ಲ: ಕಂಪ್ಯೂಟರಿನಲ್ಲಿ ದಿನಕ್ಕೊಂದು ಪುಟದಂತೆ ದಪ್ಪ ಅಕ್ಷರಗಳಲ್ಲಿ ಬರೆದು, ಪಿಡಿಎಫ್ ಮಾಡಿ, ತಂತಿಯ ಮೂಲಕ ತುಂಬಿದರೆ ಸಾಕು. ಪುಟಕ್ಕೆ ನಾಲ್ಕೈದು ಸಾಲುಗಳಿಗಿಂತ ಹೆಚ್ಚು ಬೇಡ: ಮಾತ್ರೆ, ಹೊತ್ತು, ವೈದ್ಯರ ದೂರವಾಣಿ. ಫಲಕ ತಾನೇ ನಿದ್ರಿಸಿ ಪುಟವನ್ನು ಮುಚ್ಚದಿರಲು, ಹಳೆಯ ಹಲವು ಮಾದರಿಗಳಲ್ಲಿ ಹುಡುಕುವ ಜಾಗದಲ್ಲಿ ಅಲೆಗೆರೆಯ ಚಿಹ್ನೆಯನ್ನೂ ಇಂಗ್ಲಿಷಿನ ಡಿ, ಎಸ್ ಅಕ್ಷರಗಳನ್ನೂ ಒತ್ತಿ ಎಂಟರ್ ಕೊಡಬೇಕು. ಬಳಿಕ ಚಾರ್ಜರಿಗೆ ಜೋಡಿಸಿಯೇ ಇಡುವುದು ಲೇಸು.

ಮೊದಲ ವಾರದಲ್ಲೇ ಒಂದು ದೋಷ ಕಂಡೆ. ಚಿತ್ರ ಅಳಿಯದಿರುವ ಗುಣವೇ ಇಲ್ಲಿ ಮೋಸ ಮಾಡುತ್ತದೆ. ಯಂತ್ರ ಸತ್ತರೂ ನಿನ್ನೆಯ ಪುಟ ಇಂದಿನದೆಂಬಂತೆ ನಿಂತಿರುತ್ತದೆ. ತಾರೀಖಿಲ್ಲದ ಬಾಕಿಯನ್ನು ಯಾವ ಬ್ಯಾಂಕಿನವನೂ ನಂಬುವುದಿಲ್ಲ. ಆದ್ದರಿಂದ ತಾರೀಖನ್ನು ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ದೊಡ್ಡದಾಗಿ ಬರೆದೆ. ತಾಯಿಯವರು ಕಾಫಿಯ ನಂತರ ಪುಟ ತಿರುವಿ, ಪಕ್ಕದ ಗೋಡೆಯ ಕ್ಯಾಲೆಂಡರಿನೊಡನೆ ತಾಳೆ ನೋಡುತ್ತಾರೆ. ಇನ್ನೊಂದು ಮಾತು: ಏನು ನುಂಗಬೇಕೆಂದು ಫಲಕ ಹೇಳೀತು, ನುಂಗಿಯಾಯಿತೇ ಎಂದು ಹೇಳದು. ಅದಕ್ಕೆ ವಾರದ ಏಳು ದಿನಗಳ ಖಾನೆಯುಳ್ಳ ಮಾತ್ರೆಡಬ್ಬಿಯೇ ಸಾಕ್ಷಿ. ಖಾನೆ ಖಾಲಿಯಾಗಿದ್ದರೆ ಮಾತ್ರೆ ತೆಗೆದುಕೊಂಡಾಯಿತು.

ಏಕಾದಶಿಗಳನ್ನೂ ಪುಟದಲ್ಲಿ ಕಾಣಿಸಬೇಕೆಂದು ತಾಯಿಯವರ ಅಪೇಕ್ಷೆ. ಉಪವಾಸದ ದಿನ ಮಾತ್ರೆಯ ಕ್ರಮ ಹೇಗೆಂದು ವೈದ್ಯರನ್ನು ಕೇಳುವವರೆಗೆ ಆ ಸಾಲನ್ನು ಖಾಲಿ ಬಿಟ್ಟಿದ್ದೇನೆ.