ವಿದೇಶದ ಮನೆಯಲ್ಲಿ ಅನಿರೀಕ್ಷಿತ ಪಾಲು: ವರ್ತಕರು ಅರಿತಿರಬೇಕಾದ ಅಂಶಗಳು

ಹುಬ್ಬಳ್ಳಿಯ ಜವಳಿ ವರ್ತಕರೊಬ್ಬರು ಮುಖವನ್ನೇ ಕಂಡಿರದ, ಅವರ ದಿವಂಗತ ತಂದೆಯ ದೊಡ್ಡಪ್ಪನ ಮಗ ಲಂಡನ್ನಿನಲ್ಲಿ ಉಯಿಲು ಬರೆಯದೆ ಮೃತರಾದರೆಂದು ಭಾವಿಸೋಣ. ಅವರಿಗೆ ಹೆಂಡತಿ, ಮಕ್ಕಳು, ಒಡಹುಟ್ಟಿದವರು ಇಲ್ಲ, ಸ್ವಂತ ಮನೆಯೊಂದಿದೆ.

ಸ್ಥಿರಾಸ್ತಿಗೆ ಅದು ಇರುವ ದೇಶದ ಕಾನೂನೇ ಅನ್ವಯ. ಇಂಗ್ಲೆಂಡಿನ 1925ರ ಕಾಯಿದೆಯಂತೆ, ಹತ್ತಿರದ ಬಂಧುಗಳಿಲ್ಲದಿದ್ದಲ್ಲಿ ಆಸ್ತಿಯು ಚಿಕ್ಕಪ್ಪ, ಸೋದರಮಾವ, ಸೋದರತ್ತೆಯರಿಗೆ, ಅವರಿಲ್ಲದಿದ್ದರೆ ಅವರ ಸಂತತಿಗೆ ಸಲ್ಲುತ್ತದೆ. ಆದ್ದರಿಂದ ವರ್ತಕರಿಗೆ ಪಾಲು ಬರುವುದು ಅಸಂಭವವಲ್ಲ. ಆದರೆ ಮುಂಗಡ ಶುಲ್ಕ ಕೇಳುವ ಪತ್ರ ವಂಚನೆಯೂ ಆಗಿರಬಹುದು. ಅಲ್ಲಿನ ಸಾಲಿಸಿಟರ್ ಮೂಲಕ ಪರಿಶೀಲಿಸದೆ ಹಣ ಕಳುಹಿಸಬಾರದು.

ತೆರಿಗೆ: ಇಂಗ್ಲೆಂಡಿನಲ್ಲಿ 3,25,000 ಪೌಂಡಿಗೆ ಮೀರಿದ ಮೌಲ್ಯದ ಮೇಲೆ ಸಾಮಾನ್ಯವಾಗಿ ಶೇ. 40ರ ಉತ್ತರಾಧಿಕಾರ ತೆರಿಗೆಯಿದ್ದು, ಅದನ್ನು ಮೃತರ ಆಸ್ತಿಯಿಂದಲೇ ಭರಿಸಲಾಗುತ್ತದೆ. ಭಾರತದಲ್ಲಿ ಮರಣ ಸುಂಕವು 1985ರಲ್ಲಿ ರದ್ದಾಯಿತು. ಉತ್ತರಾಧಿಕಾರವಾಗಿ ಬಂದ ಪಾಲು ಆದಾಯವೆನಿಸುವುದಿಲ್ಲ. 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯಿದೆಯು ವಿದೇಶ ನಿವಾಸಿಯಿಂದ ಬಂದ ಇಂತಹ ಆಸ್ತಿಯನ್ನು ಹೊಂದಿರಲು ಅವಕಾಶ ನೀಡಿದೆ. ಆದರೆ ಬರುವ ಬಾಡಿಗೆಯನ್ನು ಇಲ್ಲಿಯೂ ತೋರಿಸತಕ್ಕದ್ದು. ಅಲ್ಲಿ ಕಟ್ಟಿದ ತೆರಿಗೆಗೆ ದ್ವಿತೆರಿಗೆ ಒಪ್ಪಂದದನ್ವಯ ವಜಾ ದೊರೆಯುತ್ತದೆ.

ಘೋಷಣೆ: ಹಲವು ಸಣ್ಣ ವರ್ತಕರು ಎಡವುವುದು ಇಲ್ಲಿಯೇ. ವಿದೇಶಿ ಆಸ್ತಿಯುಳ್ಳ ನಿವಾಸಿಯು 'ಸುಗಮ್' ನಮೂನೆಯನ್ನು ಬಳಸುವಂತಿಲ್ಲ. ಪಾಲು ಎಷ್ಟೇ ಚಿಕ್ಕದಾಗಿರಲಿ, ಬಾಡಿಗೆ ಬಾರದಿರಲಿ, ವಿದೇಶಿ ಆಸ್ತಿಯ ಅನುಸೂಚಿಯಲ್ಲಿ ಅದನ್ನು ನಮೂದಿಸಬೇಕು. ತಪ್ಪಿದಲ್ಲಿ 2015ರ ಕಪ್ಪುಹಣ ಕಾಯಿದೆಯಡಿ 10 ಲಕ್ಷ ರೂಪಾಯಿ ದಂಡ ವಿಧಿಸಬಹುದು. 2024ರ ಅಕ್ಟೋಬರ್‌ನಿಂದ ಬಂದ 20 ಲಕ್ಷ ರೂಪಾಯಿವರೆಗಿನ ವಿನಾಯಿತಿ ಸ್ಥಿರಾಸ್ತಿಗೆ ಅನ್ವಯಿಸದು.

ಹೀಗಾಗಿ ಪಾಲು ನಿಶ್ಚಯವಾದ ವರ್ಷದಿಂದಲೇ ಅದರ ದಾಖಲೆಗಳನ್ನು ಲೆಕ್ಕಪತ್ರಗಳ ಜೊತೆಗಿರಿಸುವುದು ಕ್ಷೇಮಕರ.